ಕಾರ್ಡು ಅಲ್ಲಿ, ತೋಟ ಇಲ್ಲಿ

ಪತ್ರ: ನಾನು ತಿಪಟೂರಿನ ನಿವೃತ್ತ ಶಿಕ್ಷಕಿ. ಅಮೆರಿಕದ ಪ್ರಜೆಯಾಗಿರುವ ಮಗ ನನಗೂ ಗ್ರೀನ್ ಕಾರ್ಡ್ ಮಾಡಿಸಿದ್ದಾನೆ. ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬಂದರೆ ಕಾರ್ಡು ಉಳಿಯುತ್ತದೆ ಅಂತಾರೆ. ನನಗೆ ಮಂಡಿ ನೋವು. ತೋಟ ನೋಡುವವರಿಲ್ಲ. ಏನು ಮಾಡಲಿ?

ಸಂಪಾದಕರ ಉತ್ತರ: ಟೀಚರಮ್ಮ, ಈ ಮಾತು ಹೇಳುವವರು ಪ್ರತಿ ಮದುವೆ ಮನೆಯಲ್ಲೂ ಒಬ್ಬರು ಸಿಗುತ್ತಾರೆ. ನೀವಾದರೂ ವಿಚಾರಿಸದೆ ನಂಬಬಾರದಿತ್ತು. ಗ್ರೀನ್ ಕಾರ್ಡ್ ಅಂದರೆ ಅಮೆರಿಕದಲ್ಲೇ ಕಾಯಂ ನೆಲೆಸಲು ಕೊಟ್ಟ ಅನುಮತಿ. ಹಾಗಾಗಿ ಕಾನೂನು ನೋಡುವುದು ನಿಮ್ಮ ಕಾಯಂ ಮನೆ ಎಲ್ಲಿ ಅಂತ. ಅಮೆರಿಕದ ಹೊರಗೆ ಒಂದೇ ಸಮನೆ 180 ದಿನ ದಾಟಿದರೆ ಪ್ರಶ್ನೆ ಜಾಸ್ತಿಯಾಗುತ್ತವೆ. ವರ್ಷ ದಾಟಿದರೆ ಬರೀ ಕಾರ್ಡು ಹಿಡಿದು ಒಳಗೆ ಹೋಗುವಂತಿಲ್ಲ.

ಅಮ್ಮ ಹತ್ತಿರ ಇರಲಿ ಅನ್ನುವ ಮಗನ ಆಸೆ ತಪ್ಪಲ್ಲ. ದಾರಿಯೂ ಇದೆ. ಅಮೆರಿಕದಲ್ಲಿದ್ದಾಗಲೇ ಐ-131 ಅರ್ಜಿ ಹಾಕಿ ರೀ-ಎಂಟ್ರಿ ಪರ್ಮಿಟ್, ಅಂದರೆ ಮತ್ತೆ ಒಳಗೆ ಬರುವ ಅನುಮತಿ ಪತ್ರ, ಪಡೆದರೆ ಎರಡು ವರ್ಷದವರೆಗೆ ನಡೆಯುತ್ತದೆ. ತಿಪಟೂರಿನಲ್ಲಿ ಕೂತು ಹಾಕುವಂತಿಲ್ಲ. ಜೊತೆಗೆ ಇಲ್ಲಿ ಕೊಬ್ಬರಿ ಮಾರಿದ ದುಡ್ಡೂ ಅಲ್ಲಿಯ ತೆರಿಗೆ ಲೆಕ್ಕಕ್ಕೆ ಬರುತ್ತದೆ!

ತುಮಕೂರಿನ ಪರಿಚಿತರೊಬ್ಬರು, ನಿವೃತ್ತ ಹೆಡ್‌ಮಾಸ್ಟರು. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ‘ನೀವಿರುವುದು ಎಲ್ಲಿ?’ ಅಂದಾಗ ಎದೆಯುಬ್ಬಿಸಿ ‘ತುಮಕೂರು’ ಅಂದರು. ಜೀವಮಾನವೆಲ್ಲ ಮಕ್ಕಳಿಗೆ ನಿಜ ಹೇಳಿ ಅಂದವರು ಇನ್ನೇನು ಹೇಳಬೇಕು? ಕಾರ್ಡು ಬಿಟ್ಟುಕೊಡುವ ಐ-407 ಫಾರಂ ಮುಂದೆ ಬಂತು. ಸಹಿ ಹಾಕಲೇಬೇಕೆಂದಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ಹೋಗುವ ಹಕ್ಕಿದೆ. ಇವರು ಪೆನ್ನು ಕೇಳಿದರು.

ನನ್ನನ್ನು ಕೇಳಿದರೆ, ಆ ಸಹಿಯನ್ನು ನೀವು ಇಲ್ಲೇ ಸಮಾಧಾನವಾಗಿ ಹಾಕಿ ಕಳಿಸಿ. ಆಮೇಲೆ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿ. ಗ್ಯಾರಂಟಿ ಇಲ್ಲ ನಿಜ. ಸಿಕ್ಕರೆ ಮಗನ ಮನೆಗೆ ನೆಂಟರ ಹಾಗೆ ಹೋಗಿ ಬರಬಹುದು, ಮರ್ಯಾದೆಯಾಗಿ.

ನನಗೆ ಸಿಟ್ಟು ನಿಮ್ಮ ಮಗನ ಮೇಲಲ್ಲ. ಮನೆಗೊಂದು ಗ್ರೀನ್ ಕಾರ್ಡ್ ಇರಲಿ ಅನ್ನುವ ನಮ್ಮ ಚಟದ ಮೇಲೆ. ಬಾಣಂತನಕ್ಕೆ ಅಮ್ಮ ಬೇಕು, ಮಗು ನೋಡಲು ಅತ್ತೆ ಬೇಕು. ಅವರೇ ಕಾಯಿಲೆ ಬಿದ್ದರೆ? 65 ದಾಟಿದವರು ದುಡ್ಡು ಕಟ್ಟಿ ಮೆಡಿಕೇರ್ ಅನ್ನುವ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆ ಪಡೆಯಲೂ ಐದು ವರ್ಷ ಅಲ್ಲೇ ನೆಲೆಸಿರಬೇಕು. ಇತ್ತ ಚಿಕ್ಕನಾಯಕನಹಳ್ಳಿ ಕಡೆ ಹೋಗಿ ನೋಡಿ, ತೋಟದ ಮನೆಗಳಿಗೆ ಬೀಗ. ಕಾಯಿ ಕೆಡವಿಸುವವರಿಲ್ಲ. ಅಜ್ಜಿ ಅಲ್ಲೆಲ್ಲೋ ಹೀಟರ್ ಮುಂದೆ ಕೂತಿರುತ್ತಾರೆ. ಕಾಗದ ಕೇಳುವುದರಲ್ಲಿ ನಮ್ಮ ಸರ್ಕಾರದವರೂ ಕಮ್ಮಿಯಿಲ್ಲ ಬಿಡಿ, ಬದುಕಿದ್ದೀರಿ ಅಂತ ಪಿಂಚಣಿಗೆ ವರ್ಷಾವರ್ಷ ಸರ್ಟಿಫಿಕೇಟು ಕೇಳುತ್ತಾರೆ.

ಮಗನಿಗೆ ಇದನ್ನು ಫೋನಿನಲ್ಲೇ ಓದಿ ಹೇಳಿ. ಬೈಯುವುದಾದರೆ ನನ್ನನ್ನು ಬೈಯಲಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅವನೇ ಬರಲಿ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಂಡರೆ ಪ್ರತಿ ಸಲ ವೀಸಾ ತಾಪತ್ರಯವೂ ಇರುವುದಿಲ್ಲ.