24 ತಿಂಗಳ ಕರಾರಿಗೆ ಸಹಿ ಹಾಕುವ ಮೊದಲು ಆ ರೂಮಿನೊಳಗೆ ನಿಂತು ಊರಿಗೊಂದು ಫೋನ್ ಮಾಡಿ

ನೀವು ಕೇಳಿದ್ದು ಇಷ್ಟು. ಗೋವಾದ ವೆರ್ಣಾದಲ್ಲಿರುವ ಕಾರ್ಖಾನೆಯಲ್ಲಿ 11 ತಿಂಗಳ ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ. ವಾಸ್ಕೋದ ಮಂಗೋರ್ ಹಿಲ್ ಕಡೆ ರೂಮ್ ನೋಡುತ್ತಿದ್ದೀರಿ, ಇನ್ನೂ ಗೊತ್ತಾಗಿಲ್ಲ. ಅಪ್ಪ ಅವ್ವ ಶಿರಹಟ್ಟಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಂಗಡಿಯವರು 27,999 ರೂಪಾಯಿಯ 5ಜಿ ಫೋನನ್ನು ಮುಂಗಡ ಇಲ್ಲದೆ, ತಿಂಗಳಿಗೆ 1,350ರಂತೆ 24 ಕಂತಿನಲ್ಲಿ ಕೊಡುತ್ತಾರೆ. ಆದರೆ ಜೊತೆಗೆ ತಿಂಗಳಿಗೆ 449ರ ಪೋಸ್ಟ್‌ಪೇಯ್ಡ್ ಪ್ಲಾನ್ ಹಾಕಿಸಿಕೊಳ್ಳಬೇಕು, ಎರಡು ವರ್ಷ ಅದನ್ನು ಬಿಡುವಂತಿಲ್ಲ. ತಗೊಳ್ಳಲೋ ಬೇಡವೋ, ಗೋವಾದಲ್ಲಿ ರೇಂಜ್ ಹೇಗೆ ಅಂತ ನಿಮ್ಮ ಪ್ರಶ್ನೆ.

ತಗೋಬೇಡಿ. ಫೋನ್ ಬೇಡ ಅಂತಲ್ಲ, ಈ ಕರಾರು ಬೇಡ. ನಿಮ್ಮ ಕೆಲಸ 11 ತಿಂಗಳದ್ದು, ಫೋನಿನ ಸಾಲ 24 ತಿಂಗಳದ್ದು. ಹನ್ನೆರಡನೇ ತಿಂಗಳು ಎಲ್ಲಿರುತ್ತೀರಿ ಅಂತ ನಿಮಗೇ ಗೊತ್ತಿಲ್ಲ. ನಾನು ಲಕ್ಷ್ಮೇಶ್ವರದ ಕಡೆಯವನು, ವಾಸ್ಕೋಗೆ ಬಂದು ಹದಿನಾಲ್ಕು ವರ್ಷ ಆಯಿತು. ಬೈನಾ, ಝುವಾರಿನಗರ, ಮಂಗೋರ್ ಹಿಲ್ ಮೂರೂ ಕಡೆ ಬಾಡಿಗೆಗಿದ್ದೆ. ಕಾಂಟ್ರಾಕ್ಟ್ ಮುಂದುವರಿಯದೆ ಊರಿಗೆ ವಾಪಸ್ ಹೋದ ಹುಡುಗರನ್ನು ನೋಡಿದ್ದೇನೆ. ಕಂತು ಮಾತ್ರ ಅವರನ್ನು ಊರತನಕ ಹಿಂಬಾಲಿಸುತ್ತೆ. ಖಾತೆಯಲ್ಲಿ ದುಡ್ಡಿಲ್ಲದೆ ಒಂದು ಕಂತು ಬೌನ್ಸ್ ಆದರೆ ಬ್ಯಾಂಕಿನವರ ದಂಡ ಬೇರೆ, ಸಾಲ ಕೊಟ್ಟವರ ದಂಡ ಬೇರೆ, ಸಿಬಿಲ್ ಸ್ಕೋರ್ ಇಳಿಯುವುದು ಬೇರೆ. ನಾಳೆ ಅಪ್ಪ ಟ್ರ್ಯಾಕ್ಟರಿಗೋ ಮನೆಗೋ ಸಾಲ ಕೇಳಲು ಹೋಗಿ ಅದರಲ್ಲಿ ನಿಮ್ಮ ಹೆಸರೂ ಸೇರಿದರೆ, ಬ್ಯಾಂಕಿನವರು ಇದನ್ನು ನೋಡಿಯೇ ನೋಡುತ್ತಾರೆ.

ಈಗ ಲೆಕ್ಕ ಹಾಕೋಣ. 1,350ರ 24 ಕಂತು ಅಂದರೆ 32,400. ಅಂದರೆ ಫೋನಿನ ಬೆಲೆಗಿಂತ 4,401 ಹೆಚ್ಚು. ಪೋಸ್ಟ್‌ಪೇಯ್ಡ್‌ನಲ್ಲಿ 449 ಅಂತ ಬೋರ್ಡ್ ಮೇಲೆ ಬರೆದಿರುತ್ತೆ, ಆದರೆ ಬಿಲ್ ಬರುವಾಗ 18% ಜಿಎಸ್‌ಟಿ ಸೇರಿ 530 ಆಗುತ್ತೆ. ಪ್ರೀಪೇಯ್ಡ್ ರೀಚಾರ್ಜಿನ ಬೆಲೆಯಲ್ಲಿ ಜಿಎಸ್‌ಟಿ ಒಳಗೇ ಇರುತ್ತೆ. ಈ ವ್ಯತ್ಯಾಸವನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. 530ರಂತೆ ಎರಡು ವರ್ಷಕ್ಕೆ 12,720. ಎರಡೂ ಸೇರಿ 45,120.

ಅದೇ ಫೋನನ್ನು ಪೂರ್ತಿ ದುಡ್ಡು ಕೊಟ್ಟು ತಗೊಂಡು, ದಿನಕ್ಕೆ 2 ಜಿಬಿಯ 84 ದಿನದ ಪ್ರೀಪೇಯ್ಡ್ ಹಾಕಿಸಿದರೆ? 2024ರ ಜುಲೈನಲ್ಲಿ ದರ ಏರಿದಾಗ ಜಿಯೋದ ಅಂಥ ಪ್ಲಾನ್ 719ರಿಂದ 859ಕ್ಕೆ ಹೋಯಿತು. 859ರಂತೆ ಒಂಬತ್ತು ಸಲ ಹಾಕಿಸಿದರೆ ಎರಡು ವರ್ಷ ದಾಟಿ ಇನ್ನೂ ಕೆಲವು ದಿನ ಉಳಿಯುತ್ತೆ, ಖರ್ಚು 7,731. ಫೋನ್ ಸೇರಿ 35,730. ವ್ಯತ್ಯಾಸ 9,390 ರೂಪಾಯಿ. ನಿಮ್ಮ ಒಂದೆರಡು ತಿಂಗಳ ರೂಮ್ ಬಾಡಿಗೆ ಅದರಲ್ಲಿ ಬಂತು. ಇನ್ನು 16,000ದ ಒಳಗೇ ಒಳ್ಳೆ 5ಜಿ ಫೋನ್ ಸಿಗುತ್ತೆ. ಅದನ್ನು ತಗೊಂಡರೆ ರೀಚಾರ್ಜ್ ಸೇರಿ ಎರಡು ವರ್ಷಕ್ಕೆ 23,731, ಅಂಗಡಿಯವರು ಹೇಳಿದ್ದರ ಹೆಚ್ಚುಕಡಿಮೆ ಅರ್ಧ. 28 ಸಾವಿರದ ಫೋನಿನಲ್ಲಿ ಕ್ಯಾಮೆರಾ ಚೆನ್ನಾಗಿರುತ್ತೆ, ಒಪ್ಪುತ್ತೇನೆ. ಆದರೆ ರೇಂಜ್ ಹೆಚ್ಚು ಬರುತ್ತೆ ಅಂತ ದುಡ್ಡು ಹೆಚ್ಚು ಕೊಡಬೇಡಿ. ಬೆಲೆ ಹೆಚ್ಚಾದ ಮಾತ್ರಕ್ಕೆ ಟವರ್ ಹತ್ತಿರ ಬರುವುದಿಲ್ಲ.

ರೇಂಜಿನ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಂಗೋರ್ ಹಿಲ್‌ನಲ್ಲಿ ನಾನಿದ್ದ ಮನೆಯ ಹಿಂದಿನ ಗೋಡೆಗೆ ಗುಡ್ಡ ತಾಗಿಕೊಂಡಿತ್ತು. ಚಿರೇಕಲ್ಲಿನ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬು. ಅಡುಗೆಮನೆ ಕಿಟಕಿಯ ಹತ್ತಿರ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ಕಡ್ಡಿ ಬರುತ್ತಿರಲಿಲ್ಲ. ನಾನೂ ನಿಮ್ಮ ಹಾಗೆಯೇ ಕರಾರಿನ ಪ್ಲಾನ್ ಮಾಡಿಸಿದ್ದೆ. ಅಂಗಡಿಯಲ್ಲಿ ನೋಡಿದಾಗ ಐದು ಕಡ್ಡಿ ಇತ್ತು. ಅಂಗಡಿ ಇದ್ದದ್ದು ಪೇಟೆಯ ಮುಖ್ಯ ರಸ್ತೆಯಲ್ಲಿ, ಅಲ್ಲಿ ಯಾಕೆ ಬರುವುದಿಲ್ಲ? ಮನೆಗೆ ಬಂದ ಮೇಲೆ ಗೊತ್ತಾಯಿತು. ಖಾಲಿ ಹಾಲಿನ ಪಾಕೀಟನ್ನು ತೊಳೆದು, ಅದರೊಳಗೆ ಫೋನ್ ಇಟ್ಟು, ಕಿಟಕಿಯ ಗ್ರಿಲ್ಲಿಗೆ ಕರವಸ್ತ್ರದಿಂದ ಕಟ್ಟುತ್ತಿದ್ದೆ. ಮಳೆಗಾಲದಲ್ಲಿ ಎರಚಲು ಹೊಡೆಯುತ್ತೆ ಅಂತ ಪಾಕೀಟು. ರಾತ್ರಿ ಅಲ್ಲೇ ಬಿಟ್ಟರೆ ಕಳವಿನ ಭಯ, ಹಾಗಾಗಿ ಮಲಗುವಾಗ ಬಿಚ್ಚಿ ಒಳಗೆ ತರುತ್ತಿದ್ದೆ.

ಹಾಗೆ ಒಳಗೆ ತಂದಿಟ್ಟ ಒಂದು ರಾತ್ರಿ ಊರಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು, ತೊಡೆಯ ಮೂಳೆ ಮುರಿಯಿತು. ತಮ್ಮ ಹುಬ್ಬಳ್ಳಿಗೆ ಕರಕೊಂಡು ಹೋಗುವ ದಾರಿಯುದ್ದಕ್ಕೂ ನನಗೆ ಫೋನ್ ಹಚ್ಚಿದ. ಬೆಳಿಗ್ಗೆ ಡ್ಯೂಟಿಗೆ ಹೊರಟು ಬಸ್ ಸ್ಟಾಪಿಗೆ ಬಂದಾಗ ಹನ್ನೊಂದು ಮಿಸ್ಡ್ ಕಾಲ್ ಮೆಸೇಜು ಒಂದರ ಮೇಲೊಂದು ಬಂದವು. ಅಪ್ಪ ಈಗ ಕೋಲು ಹಿಡಿದು ಓಡಾಡುತ್ತಾರೆ, ಚೆನ್ನಾಗಿದ್ದಾರೆ. ಆದರೆ ಆ ರಾತ್ರಿ ತಮ್ಮ ಒಬ್ಬನೇ ನಿರ್ಧಾರ ಮಾಡಬೇಕಾಯಿತು, ಆಸ್ಪತ್ರೆಯಲ್ಲಿ ದುಡ್ಡಿಗೆ ಒಬ್ಬನೇ ಒದ್ದಾಡಿದ. ನನ್ನ ಖಾತೆಯಲ್ಲಿ ದುಡ್ಡಿತ್ತು.

ಆ ವಾರವೇ ನಂಬರ್ ಪೋರ್ಟ್ ಮಾಡಿಸಲು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಲು ಹೊರಟೆ. ಆಗ ಕರಾರಿನ ಇನ್ನೊಂದು ಮುಖ ಕಾಣಿಸಿತು. ಪೋರ್ಟಿಂಗ್ ಕೋಡ್ ಸಿಗಬೇಕಾದರೆ ಆ ಕಂಪನಿಯಲ್ಲಿ 90 ದಿನ ಆಗಿರಬೇಕು, ಬಂದ ಬಿಲ್ ಬಾಕಿ ಇರಬಾರದು, ಕರಾರಿನಿಂದ ಹೊರಬರುವ ಷರತ್ತು ಏನಾದರೂ ಇದ್ದರೆ ಅದನ್ನು ಪೂರೈಸಿರಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮವೇ ಹಾಗಿದೆ. ನನ್ನ ಕರಾರಿನಲ್ಲಿ ಅಂಥದೊಂದು ಷರತ್ತಿತ್ತು, ನಾನು ಓದಿರಲಿಲ್ಲ. ಉಳಿದ ತಿಂಗಳುಗಳ ಬಾಬ್ತು ಕಟ್ಟಿ ಹೊರಬಂದೆ. ಕರಾರು ಇಲ್ಲದ ಪ್ರೀಪೇಯ್ಡ್ ಆಗಿದ್ದರೆ ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ, ಬಂದ ಕೋಡನ್ನು ಹೊಸ ಕಂಪನಿಗೆ ಕೊಟ್ಟರೆ ಸಾಕಿತ್ತು. ಒಂದೇ ಸರ್ಕಲ್ (ಟೆಲಿಕಾಂ ವಲಯ) ಒಳಗೆ ಮೂರು ಕೆಲಸದ ದಿನದಲ್ಲಿ ಆಗಿಬಿಡುತ್ತೆ. ಗೋವಾ ಇರುವುದು ಮಹಾರಾಷ್ಟ್ರ ಸರ್ಕಲ್‌ನಲ್ಲಿ. ಕರ್ನಾಟಕದ ನಂಬರನ್ನು ಇಲ್ಲಿಗೆ ಪೋರ್ಟ್ ಮಾಡಿಸಿದರೆ ಐದು ಕೆಲಸದ ದಿನ. ನೀವು ಊರಿನ ನಂಬರ್ ಬದಲಿಸಲೇಬೇಕು ಅಂತೇನಿಲ್ಲ. ಈಗಿನ ಸಾಮಾನ್ಯ ಪ್ಲಾನ್‌ಗಳಲ್ಲಿ ದೇಶದೊಳಗೆ ರೋಮಿಂಗಿಗೆ ಬೇರೆ ದುಡ್ಡಿಲ್ಲ.

ಗೋವಾದಲ್ಲಿ ಯಾವ ಕಂಪನಿ ಒಳ್ಳೆಯದು ಅಂತ ಕೇಳಿದ್ದೀರಲ್ಲ, ಗೋವಾಕ್ಕೆಲ್ಲ ಒಂದೇ ಉತ್ತರ ಹೇಳಲು ಬರುವುದಿಲ್ಲ. ಗುಡ್ಡದ ಈ ಮಗ್ಗುಲಿಗೆ ಒಂದು ಕಂಪನಿ ಬಂದರೆ ಆ ಮಗ್ಗುಲಿಗೆ ಇನ್ನೊಂದು. ಕಾರಣ ಅರ್ಥವಾದರೆ ನೀವೇ ನೋಡಿ ಹೇಳಬಹುದು. ನಮ್ಮಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಅದರ ವೇಗವೆಲ್ಲ ಹೆಚ್ಚಾಗಿ 3300 ಮೆಗಾಹರ್ಟ್ಸ್‌ನ ತರಂಗದ ಮೇಲೆ ನಿಂತಿದೆ, ಫೋನಿನ ಭಾಷೆಯಲ್ಲಿ ಎನ್78 ಬ್ಯಾಂಡ್. ಅದು ಬಯಲಲ್ಲಿ ಬಾಣದ ಹಾಗೆ, ಗೋಡೆ ಅಡ್ಡ ಬಂದರೆ ಸೋಲುತ್ತೆ. 700, 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಗಳು ವೇಗದಲ್ಲಿ ಕಡಿಮೆ, ಆದರೆ ದೂರ ಹೋಗುತ್ತವೆ, ಗೋಡೆಯನ್ನೂ ದಾಟುತ್ತವೆ. ಜಿಯೋ 5ಜಿಗೆ 700, 4ಜಿಗೆ 850 ಬಳಸುತ್ತೆ. ಏರ್‌ಟೆಲ್ ಹತ್ತಿರ 900 ಇದೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 700 ಮತ್ತು 2100ರಲ್ಲಿ ಬರುತ್ತೆ. ಹಾಗಾಗಿ ಫೋನಿನ ಡಬ್ಬಿ ಮೇಲೆ ಅಥವಾ ಕಂಪನಿಯ ವೆಬ್‌ಸೈಟಿನಲ್ಲಿ ಎನ್28 (5ಜಿಯ 700), ಎನ್78, ಬಿ5 (4ಜಿಯ 850), ಬಿ8 (900), ಬಿ28 (4ಜಿಯ 700) ಇಷ್ಟೂ ಇವೆಯಾ ನೋಡಿ. ದುಬೈನಿಂದ ಯಾರೋ ತಂದ ಫೋನ್ ಅಗ್ಗಕ್ಕೆ ಸಿಗುತ್ತೆ ಅಂತ ಇಲ್ಲಿ ಬಹಳ ಮಂದಿ ತಗೊಳ್ಳುತ್ತಾರೆ. ಬೇರೆ ದೇಶಕ್ಕೆ ಮಾಡಿದ ಫೋನಿನಲ್ಲಿ ನಮ್ಮ ಬ್ಯಾಂಡ್ ಒಂದೆರಡು ಇಲ್ಲದೆ ಹೋಗಬಹುದು, ಅದನ್ನು ನೋಡದೆ ಕೈಹಾಕಬೇಡಿ.

ಕಡ್ಡಿ ಎಣಿಸಬೇಡಿ. ಒಂದೊಂದು ಕಂಪನಿಯ ಫೋನು ಒಂದೊಂದು ರೀತಿ ಕಡ್ಡಿ ತೋರಿಸುತ್ತೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್ ತೆಗೆದರೆ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ಲೆಕ್ಕದಲ್ಲಿ ಡಿಬಿಎಂ ಇರುತ್ತೆ. ಮೈನಸ್ 85ರ ಸುತ್ತ ಇದ್ದರೆ ಚಿಂತೆ ಇಲ್ಲ. ಮೈನಸ್ 110 ದಾಟಿದರೆ ಕರೆ ತುಂಡಾಗುತ್ತೆ. ಹತ್ತು ಅಂಕ ಇಳಿದರೆ ಸಿಗ್ನಲ್ ಹತ್ತನೇ ಒಂದು ಪಾಲಾಗುತ್ತೆ, ಮೂವತ್ತು ಇಳಿದರೆ ಸಾವಿರದಲ್ಲಿ ಒಂದು ಪಾಲು. ನನ್ನ ಆ ಮನೆಯಲ್ಲಿ ಕಿಟಕಿಗೂ ಹಾಸಿಗೆಗೂ ಎಂಟು ಹೆಜ್ಜೆ ದೂರ. ಕಿಟಕಿಯಲ್ಲಿ ಮೈನಸ್ 98 ಇದ್ದದ್ದು ಹಾಸಿಗೆಯ ಹತ್ತಿರ ಮೈನಸ್ 119 ಆಗುತ್ತಿತ್ತು.

ಇದಕ್ಕೆ ಅಗ್ಗದ ದಾರಿಯೂ ಇದೆ. ವೈಫೈ ಕಾಲಿಂಗ್ ಅಂತ ಫೋನಿನ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಇರುತ್ತೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಟವರ್ ಸಿಗದಿದ್ದರೂ ನಿಮ್ಮದೇ ನಂಬರಿಗೆ ಮಾಮೂಲಿ ಕರೆ ಬರುತ್ತೆ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ, ಇದಕ್ಕೆ ಬೇರೆ ದುಡ್ಡಿಲ್ಲ. ಈಗ ನಮ್ಮ ಮನೆಯಲ್ಲಿ ಇದೇ ನಡೆಯುತ್ತಿದೆ. ಪಕ್ಕದ ಮನೆಯವರೂ ನಾವೂ ಒಂದೇ ಕನೆಕ್ಷನ್ನಿನ ದುಡ್ಡು ಹಂಚಿಕೊಳ್ಳುತ್ತೇವೆ. ಆದರೆ ಕರೆಂಟ್ ಹೋದರೆ ವೈಫೈ ಹೋಯಿತು. ಜೂನ್ ಜುಲೈನಲ್ಲಿ ಇಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ. ಹಾಗಾಗಿ ಅದನ್ನೊಂದನ್ನೇ ನಂಬಬೇಡಿ.

ನಿಮ್ಮ ಊರಿನ ಕಡೆ ಯಾವ ಕಂಪನಿಯ ನೆಟ್‌ವರ್ಕ್ ಹತ್ತುತ್ತೆ ಅಂತ ಅವ್ವನನ್ನೇ ಕೇಳಿ. ಮನೆಯೊಳಗೆ, ಹೊಲದಲ್ಲಿ, ಎರಡೂ ಕಡೆ. ಅದು ಸಿಮ್ 1. ವಾಸ್ಕೋದ ರೂಮಿನಲ್ಲಿ ಯಾವುದು ಹತ್ತುತ್ತೋ ಅದು ಸಿಮ್ 2. ಎರಡರಲ್ಲೂ ಡೇಟಾ ಇರಲೇಬೇಕು ಅಂತಿಲ್ಲ, ಒಂದರಲ್ಲಿ ಸಣ್ಣ ರೀಚಾರ್ಜ್ ಇದ್ದರೆ ಸಾಕು. ಎರಡು ಸಿಮ್ ಹಾಕುವ ಸೌಕರ್ಯ ಹತ್ತು ಸಾವಿರದ ಫೋನಿನಲ್ಲೂ ಇದೆ. ಅದರ ಬೆಲೆ ನನಗೆ ಆ ರಾತ್ರಿಯ ಮೇಲೆ ತಿಳಿಯಿತು.

ರೈಲಿನಲ್ಲಿ ಊರಿಗೆ ಹೋಗುವಾಗ ಮಾತ್ರ ಯಾವ ಕಂಪನಿಯನ್ನೂ ದೂರಬೇಡಿ. ಕುಳೆಯಿಂದ ಕ್ಯಾಸಲ್ ರಾಕ್‌ವರೆಗಿನ ಘಾಟು ಸುಮಾರು 26 ಕಿಲೋಮೀಟರ್, ಕಾಡು, ಸುರಂಗ, 37 ಅಡಿಗೆ ಒಂದಡಿಯ ಏರು. ಅಲ್ಲಿ ಫೋನ್ ಸುಮ್ಮನಾಗುವುದೇ ಹೆಚ್ಚು. ಮಡಗಾಂವ್ ಬಿಡುವಾಗಲೇ ಮನೆಗೆ ಹೇಳಿಬಿಡಿ, ಇಲ್ಲದಿದ್ದರೆ ಅವ್ವ ಗಾಬರಿಯಾಗುತ್ತಾರೆ.

ಕಂತು ಬೇಕೇ ಬೇಕು ಅಂತಿದ್ದರೆ ಕಾರ್ಡಿನ ನೋ ಕಾಸ್ಟ್ ಇಎಂಐ ನೋಡಿ, ಆದರೆ 9 ಅಥವಾ 12 ತಿಂಗಳಿಗಿಂತ ಹೆಚ್ಚು ಬೇಡ. ನಿಮ್ಮ ವಿಷಯದಲ್ಲಿ 9. ಹೆಸರು ನೋ ಕಾಸ್ಟ್ ಆದರೂ ಒಳಗೆ ಬಡ್ಡಿ ಇದೆ. ಬಡ್ಡಿಯಷ್ಟನ್ನು ಅಂಗಡಿಯವರು ಮೊದಲೇ ಬೆಲೆಯಲ್ಲಿ ಕಡಿತ ಮಾಡುತ್ತಾರೆ, ಬ್ಯಾಂಕಿನವರು ಕಂತಿನಲ್ಲಿ ವಸೂಲಿ ಮಾಡುತ್ತಾರೆ. ನಿಮ್ಮ ಕೈಯಿಂದ ಹೋಗುವುದು ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ. 27,999ಕ್ಕೆ 12 ತಿಂಗಳು, 16% ಬಡ್ಡಿ ಅಂತಿಟ್ಟುಕೊಂಡರೆ ಜಿಎಸ್‌ಟಿ 410ರ ಆಸುಪಾಸು, ಶುಲ್ಕ 199 ಮತ್ತು ಅದರ ತೆರಿಗೆ. ಎಲ್ಲ ಸೇರಿ 650ರ ಒಳಗೆ. 4,401ಕ್ಕೆ ಹೋಲಿಸಿದರೆ ಇದು ವಾಸಿ. ಅದಕ್ಕೂ ಮೊದಲು ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಕೇಳಿ. ಆ ರಿಯಾಯಿತಿ ಕಂತಿಗೆ ಸಿಗದಿದ್ದರೆ ನೋ ಕಾಸ್ಟ್ ಅನ್ನುವ ಮಾತಿಗೆ ಅರ್ಥವಿಲ್ಲ. ಬಿಲ್ಲಿನ ಮೇಲೆ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರೆಸಿ, ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಫೋನಿನಲ್ಲಿ ಬರುವ ನಂಬರಿಗೆ ಅದು ತಾಳೆಯಾಗುತ್ತಾ ನೋಡಿ.

ರೂಮ್ ಇನ್ನೂ ಗೊತ್ತಾಗಿಲ್ಲ ಅಂದಿರಲ್ಲ, ಇದರಲ್ಲಿ ನೀವು ನನಗಿಂತ ಮುಂದಿದ್ದೀರಿ. ನೋಡಲು ಹೋಗುವಾಗ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಂಡು ಹೋಗಿ. ಇಲ್ಲದಿದ್ದರೆ ಗೆಳೆಯರ ಫೋನ್ ಒಂದು ಗಂಟೆಗೆ ಕೇಳಿ ತಗೊಳ್ಳಿ. ಡಿಪಾಸಿಟ್ ಕೊಡುವ ಮೊದಲು ಒಳಗೆ ಹೋಗಿ ಬಾಗಿಲು, ಕಿಟಕಿ ಹಾಕಿ, ಹಾಸಿಗೆ ಹಾಕುವ ಜಾಗದಲ್ಲಿ ಕೂತು ಊರಿಗೆ ಹತ್ತು ನಿಮಿಷ ಮಾತಾಡಿ. ಆಮೇಲೆ ಕಟ್ ಮಾಡಿ, ಅಲ್ಲಿಂದ ನಿಮಗೆ ಹಚ್ಚಲು ಹೇಳಿ. ಹೋಗುವ ಕರೆ ಹೋಗಿ ಬರುವ ಕರೆ ಬಾರದಿರುವುದೂ ಉಂಟು.