ಓದುಗರ ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ಹಾಡು, ಹಿಮ್ಮೇಳ

ಮನೆಯಲ್ಲೇ ಧ್ವನಿಮುದ್ರಣ ಮಾಡಿಕೊಳ್ಳುವ ಬಗ್ಗೆ ಉತ್ತರ ಕನ್ನಡದ ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹಿಂದುಸ್ತಾನಿ ಗಾಯನ ಕಲಿಯುತ್ತಿರುವ ಮಗಳ ಹಾಡನ್ನು ಹಾರ್ಮೋನಿಯಂ, ತಬಲಾ ಸಹಿತ ಮುದ್ರಿಸಬೇಕೆಂದಿದ್ದೇನೆ. ಮನೆಯಲ್ಲಿ 8 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಇದೆ. ಯಾವ ಸಾಫ್ಟ್‌ವೇರ್ ಕೊಳ್ಳಲಿ? ಸ್ವರ ತಿದ್ದುವ ಸೌಲಭ್ಯವಿರುವುದನ್ನೇ ಕೊಳ್ಳಿ ಎಂದು ಪರಿಚಿತರು ಹೇಳುತ್ತಾರೆ. (ಶಿರಸಿ)

ಉತ್ತರ: ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ, ಇರುವ ಲ್ಯಾಪ್‌ಟಾಪ್ ಈ ಕೆಲಸಕ್ಕೆ ಸಾಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ರೂಪುಗೊಳ್ಳತೊಡಗಿದ ಆಡಾಸಿಟಿ ಎಂಬ ಧ್ವನಿಮುದ್ರಣ ಸಾಫ್ಟ್‌ವೇರ್ ಇಂದಿಗೂ ಉಚಿತವಾಗಿ ಸಿಗುತ್ತದೆ. ಒಂದು ಟ್ರ್ಯಾಕ್ ಕೇಳುತ್ತ ಇನ್ನೊಂದನ್ನು ಮುದ್ರಿಸುವುದು, ಕತ್ತರಿಸಿ ಜೋಡಿಸುವುದು, ಗದ್ದಲ ತಗ್ಗಿಸುವುದು ಎಲ್ಲವೂ ಅದರಲ್ಲಾಗುತ್ತದೆ. ಮುಂದೆ ಹೆಚ್ಚಿನ ಟ್ರ್ಯಾಕುಗಳನ್ನು ನಿಭಾಯಿಸಬೇಕಾಗಿ ಬಂದರೆ ರೀಪರ್ ನೋಡಬಹುದು. ಅದನ್ನು 60 ದಿನ ಬಳಸಿ ನೋಡಿದ ಮೇಲೆ ಪರವಾನಗಿಗೆ ಹಣ ಕೊಟ್ಟರಾಯಿತು. ಲಿನಕ್ಸ್ ಬಳಸುವವರಿಗೆ ಆರ್ಡೋರ್ ಇದೆ. ಉಳಿಸಿದ ಹಣವನ್ನು ಎರಡು ಮೈಕ್ ಜೋಡಿಸಬಲ್ಲ ಆಡಿಯೋ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ) ಮತ್ತು ಒಂದು ಒಳ್ಳೆಯ ಮೈಕಿಗೆ ಹಾಕಿ, ಏಕೆಂದರೆ ಮೈಕಿನಲ್ಲಿ ಬಾರದ ನಾದವನ್ನು ಯಾವ ಸಾಫ್ಟ್‌ವೇರೂ ಆಮೇಲೆ ತಂದುಕೊಡಲಾರದು.

ಸ್ವರ ತಿದ್ದುವ ಸೌಲಭ್ಯದ ಮಾತಿಗೆ ನನ್ನ ಸ್ಪಷ್ಟ ವಿರೋಧವಿದೆ. ಅಂಥ ಸಾಫ್ಟ್‌ವೇರ್ ಸಾಮಾನ್ಯವಾಗಿ ಸಪ್ತಕವನ್ನು 12 ಸಮಭಾಗಗಳಾಗಿ, ಅಂದರೆ ನೂರು ನೂರು ಸೆಂಟಿನ ಮೆಟ್ಟಿಲುಗಳಾಗಿ ಎಣಿಸಿ, ಹಾಡಿದ ಸ್ವರವನ್ನು ಹತ್ತಿರದ ಮೆಟ್ಟಿಲಿಗೆ ಎಳೆದು ನಿಲ್ಲಿಸುತ್ತದೆ. ಆ ಲೆಕ್ಕದಲ್ಲಿ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿದೆ; ಆದರೆ ತಂಬೂರಿಯ ಷಡ್ಜದ ತಂತಿಯೊಳಗಿಂದ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386 ಸೆಂಟಿನಲ್ಲಿದೆ. ತಂಬೂರಿಗೆ ಕಿವಿಗೊಟ್ಟು ಕಲಿತ ಹುಡುಗಿ ಹಾಡಿದ ಸರಿಯಾದ ಗಾಂಧಾರವನ್ನೇ ಯಂತ್ರ ತಪ್ಪೆಂದು ತಿಳಿದು 14 ಸೆಂಟ್ ಮೇಲಕ್ಕೆತ್ತುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಮತ್ತು ಸ್ವರವನ್ನು ಮೆಲ್ಲಗೆ ತೂಗುವ ಆಂದೋಲನಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆದುಹೋಗುವುದು ಇನ್ನೂ ದೊಡ್ಡ ನಷ್ಟ. ತಂಬೂರಿ ನಾದವನ್ನು ಹೆಡ್‌ಫೋನಿನಲ್ಲಿ ಅವಳಿಗೆ ಚೆನ್ನಾಗಿ ಕೇಳಿಸಿ, ಅದನ್ನು ಬೇರೆ ಟ್ರ್ಯಾಕಿನಲ್ಲಿ ಇಟ್ಟುಕೊಳ್ಳಿ. ಸ್ವರ ತಪ್ಪಿದರೆ ಆ ಸಾಲನ್ನು ಅವಳೇ ಮತ್ತೊಮ್ಮೆ ಹಾಡಲಿ.

ಪ್ರಶ್ನೆ: ನಾವು ಕೆಲವು ಹವ್ಯಾಸಿಗಳು ಬಡಗುತಿಟ್ಟಿನ ಯಕ್ಷಗಾನದ ಪದ್ಯಗಳನ್ನು ಮನೆಯಲ್ಲೇ ಮುದ್ರಿಸಲು ಹೊರಟಿದ್ದೇವೆ. ಒಂದೇ ಮೈಕ್ ಇಟ್ಟಾಗ ಚಂಡೆಯೇ ತುಂಬಿಕೊಂಡು ಭಾಗವತರ ಸಾಹಿತ್ಯ ಕೇಳಲಿಲ್ಲ. ಒಬ್ಬೊಬ್ಬರನ್ನೇ ಬೇರೆಯಾಗಿ, ಮೆಟ್ರೊನೋಮ್ ಹಾಕಿಕೊಂಡು ಮುದ್ರಿಸಿ ಜೋಡಿಸಿದಾಗ ಎಲ್ಲವೂ ಸ್ಪಷ್ಟವಾಗಿತ್ತು, ಆದರೆ ಯಕ್ಷಗಾನವಾಗಿರಲಿಲ್ಲ. ದಾರಿ ಯಾವುದು? (ಹೊನ್ನಾವರ ತಾಲ್ಲೂಕು)

ಉತ್ತರ: ಎರಡನೆಯ ಪ್ರಯತ್ನದಲ್ಲಿ ಏನು ಹೋಯಿತೆಂಬುದನ್ನು ನೀವೇ ಸರಿಯಾಗಿ ಗುರುತಿಸಿದ್ದೀರಿ. ಭಾಗವತರು ಪದ್ಯ ಎತ್ತುವಾಗಿನ ಉಸಿರು, ಕೈಯ ತಾಳದ ಒತ್ತು, ಮದ್ದಳೆಯವರತ್ತ ಹಾಯಿಸುವ ಒಂದು ನೋಟ, ಇವುಗಳ ಮೇಲೆ ಹಿಮ್ಮೇಳ ನಿಂತಿದೆ. ಪದ್ಯದ ಭಾವ ಏರಿದಂತೆ ಲಯವೂ ಏರುತ್ತದೆ. ಒಂದೇ ವೇಗದಲ್ಲಿ ಕುಟ್ಟುವ ಮೆಟ್ರೊನೋಮ್ ಆ ಏರಿಕೆಯನ್ನು ತಡೆದುಬಿಡುತ್ತದೆ. ಸಾಫ್ಟ್‌ವೇರ್ ತೆರೆದ ಕೂಡಲೇ ಕಾಣುವ ನಾಲ್ಕು ನಾಲ್ಕರ ಗೆರೆಗಳು ಪಾಶ್ಚಾತ್ಯ ಲಯಕ್ಕೆ ಹಾಕಿದ್ದು. ತ್ರಿವುಡೆಯ 7 ಅಕ್ಷರಕ್ಕಾಗಲಿ ಝಂಪೆಯ 10 ಅಕ್ಷರಕ್ಕಾಗಲಿ ಅವು ಹೊಂದುವುದಿಲ್ಲ. ಆ ಗೆರೆಗಳನ್ನೂ, ಮುದ್ರಿಕೆಯ ತುಣುಕುಗಳು ಗೆರೆಗೆ ಅಂಟಿಕೊಳ್ಳುವ ಸ್ನ್ಯಾಪ್ ಎಂಬ ಏರ್ಪಾಟನ್ನೂ ಮೊದಲು ಆಫ್ ಮಾಡಿ, ಎಲ್ಲರೂ ಒಟ್ಟಿಗೇ ಕುಳಿತು ಮುದ್ರಿಸಿ.

ಚಂಡೆಯ ಸಮಸ್ಯೆಯನ್ನು ಕಂಪ್ಯೂಟರಿನಲ್ಲಿ ಬಗೆಹರಿಸಲು ಹೋಗದೆ ಮನೆಯಲ್ಲೇ ಬಗೆಹರಿಸಬೇಕು. ತೆರೆದ ಜಾಗದಲ್ಲಿ ಸದ್ದಿನ ಮೂಲದಿಂದ ಮೈಕಿನ ದೂರ ಇಮ್ಮಡಿಯಾದಾಗಲೆಲ್ಲ ಅದರ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳ ಪ್ರತಿಧ್ವನಿಯಿಂದಾಗಿ ಅಷ್ಟು ಇಳಿಯದಿದ್ದರೂ ಸೂತ್ರ ಅದೇ. ಹಾಗಾಗಿ ಭಾಗವತರ ಬಾಯಿಗೆ ಮೈಕ್ ಒಂದು ಗೇಣು ದೂರದಲ್ಲಿರಲಿ, ಚಂಡೆ ಎಷ್ಟು ದೂರ ಹೋಗಬಲ್ಲುದೋ ಅಷ್ಟು ಹೋಗಲಿ. ನಮ್ಮ ಕಡೆಯ ಹಳೆಯ ಹಂಚಿನ ಮನೆಗಳು ಇದಕ್ಕೆ ಬಹಳ ಅನುಕೂಲ: ಭಾಗವತರು ಮತ್ತು ಮದ್ದಳೆಯವರು ನಡುಮನೆಯಲ್ಲಿ ಕುಳಿತು, ಚಂಡೆಯವರು ಜಗಲಿಯಲ್ಲಿ ಬಾಗಿಲಿಗೆ ನೇರವಾಗಿ ನಿಂತರೆ ಪರಸ್ಪರ ಮುಖ ಕಾಣುತ್ತದೆ, ಆದರೆ ದೂರವೂ ಗೋಡೆಯೂ ಚಂಡೆಯ ಅಬ್ಬರವನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆ. ಮುಖ ಕಾಣುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಆಮೇಲೆ ಮೈಕಿನ ದಿಕ್ಕು. ಕಾರ್ಡಿಯಾಯ್ಡ್ ಎಂಬ ಬಗೆಯ ಮೈಕ್ ಮುಂದಿನಿಂದ ಬಂದದ್ದನ್ನು ಚೆನ್ನಾಗಿ ಹಿಡಿದು, ನೇರ ಬೆನ್ನ ಹಿಂದಿನಿಂದ ಬಂದದ್ದನ್ನು ಅತಿ ಕಡಿಮೆ ಹಿಡಿಯುತ್ತದೆ. ಭಾಗವತರ ಮೈಕಿನ ಬೆನ್ನು ಚಂಡೆಗೆ ಇರುವಂತೆ ಕೂರುವ ಜಾಗವನ್ನು ಗೊತ್ತುಮಾಡಿಕೊಳ್ಳಿ. ಹೀಗೆ ಕುಳಿತರೆ ಭಾಗವತರ ಮುಖವೂ ಚಂಡೆಯವರ ಕಡೆಗೇ ಇರುತ್ತದೆ. ಒಂದು ಮೈಕ್ ತನ್ನ ವಾದ್ಯದಿಂದ ಎಷ್ಟು ದೂರವಿದೆಯೋ ಅದರ ಮೂರು ಪಟ್ಟಿಗಿಂತ ಹತ್ತಿರ ಇನ್ನೊಂದು ಮೈಕ್ ಇರಬಾರದೆಂಬುದು ಧ್ವನಿಮುದ್ರಕರ ಹಳೆಯ ನಿಯಮ. ಒಂದೇ ಸದ್ದು ಎರಡು ಮೈಕುಗಳಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ, ಕೂಡಿಸಿದಾಗ ಕೆಲವು ಕಂಪನಗಳು ಪರಸ್ಪರ ಅಳಿಸಿಹೋಗಿ ಮದ್ದಳೆ ಟೊಳ್ಳಾಗಿ ಕೇಳುವುದನ್ನು ಈ ನಿಯಮ ಬಹುಮಟ್ಟಿಗೆ ತಪ್ಪಿಸುತ್ತದೆ. ಭಾಗವತರ ಕೈಯ ತಾಳ ಮೈಕಿಗೆ ನೇರವಾಗಿ ಬರದಂತೆ ಎದೆಗಿಂತ ಕೆಳಗಿರಲಿ. ಚಂಡೆಗೆ ವೇದಿಕೆಗಳಲ್ಲಿ ಬಳಸುವ ಸಾಮಾನ್ಯ ಡೈನಾಮಿಕ್ ಮೈಕ್ ಒಳ್ಳೆಯದು. ಅದು ದೊಡ್ಡ ಪೆಟ್ಟನ್ನು ತಡೆದುಕೊಳ್ಳುತ್ತದೆ ಮತ್ತು ಕಂಡೆನ್ಸರ್ ಮೈಕಿನಂತೆ 48 ವೋಲ್ಟ್ ವಿದ್ಯುತ್ತನ್ನು ಬೇಡುವುದಿಲ್ಲ. ಎರಡೇ ಮೈಕ್ ಜೋಡಿಸಲು ಸಾಧ್ಯವಿದ್ದರೆ ಒಂದು ಭಾಗವತರಿಗೆ, ಇನ್ನೊಂದು ಮದ್ದಳೆಗೆ. ಚಂಡೆ ಆ ಎರಡರಲ್ಲಿಯೂ ಬೇಕಾದಷ್ಟು ಬಂದೇ ಬರುತ್ತದೆ.

ಮುದ್ರಿಸುವಾಗ 24 ಬಿಟ್ ಆರಿಸಿ, ಮಟ್ಟವನ್ನು ತಗ್ಗಿಸಿಯೇ ಇಡಿ. 16 ಬಿಟ್‌ನ ವ್ಯಾಪ್ತಿ ತಾತ್ವಿಕವಾಗಿ ಸುಮಾರು 96 ಡೆಸಿಬಲ್, 24 ಬಿಟ್‌ನದು ಸುಮಾರು 144. ಆದ್ದರಿಂದ, ಸೊನ್ನೆಯೇ ಗರಿಷ್ಠವಾಗಿರುವ ಸಾಫ್ಟ್‌ವೇರಿನ ಡೆಸಿಬಲ್ ಮಾಪಕದಲ್ಲಿ ಗಾಯನ ಮೈನಸ್ 18ರ ಸುತ್ತ ಆಡುತ್ತಿದ್ದು ಚಂಡೆಯ ಅತಿ ಜೋರಿನ ಪೆಟ್ಟು ಮೈನಸ್ 6ನ್ನು ದಾಟದಿದ್ದರೆ ಏನೂ ಕಳೆದುಹೋಗುವುದಿಲ್ಲ. ಸೊನ್ನೆಗೆ ತಾಗಿ ತಲೆ ಕತ್ತರಿಸಿಹೋದ ಪೆಟ್ಟನ್ನು ಮಾತ್ರ ಮರಳಿ ಪಡೆಯುವುದು ಕಷ್ಟ. ಇಷ್ಟು ಮಾಡಿದರೆ ಕಂಪ್ಯೂಟರಿನಲ್ಲಿ ಉಳಿಯುವ ಕೆಲಸ ಅಲ್ಪ: ಗಾಯನದ ಟ್ರ್ಯಾಕಿನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿ ತೆಗೆಯುವುದು, ಮಟ್ಟ ಹೊಂದಿಸುವುದು. ಮೆಲ್ಲಗಿನ ಶೃಂಗಾರ ಪದ್ಯವನ್ನೂ ಯುದ್ಧದ ಪದ್ಯವನ್ನೂ ಒಂದೇ ಎತ್ತರಕ್ಕೆ ಒತ್ತಿಬಿಡುವ ಕಂಪ್ರೆಸರನ್ನು ಬಹಳ ಮಿತವಾಗಿ ಬಳಸಿ.

ಪ್ರಶ್ನೆ: ಗಿಟಾರ್ ಟ್ರ್ಯಾಕ್ ಮುದ್ರಿಸಿ ಅದನ್ನು ಕೇಳುತ್ತ ಕೊಂಕಣಿ ಮತ್ತು ಕನ್ನಡ ಹಾಡು ಹಾಡುತ್ತೇನೆ. ಹೆಡ್‌ಫೋನಿನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳಿ ಲಯ ತಪ್ಪುತ್ತದೆ. (ಕಾರವಾರ)

ಉತ್ತರ: ಕಂಪ್ಯೂಟರ್ ದನಿಯನ್ನು ಬಫರ್ ಎಂಬ ಗಂಟುಗಳಾಗಿ ಕಟ್ಟಿ ಸಾಗಿಸುತ್ತದೆ. ಸೆಕೆಂಡಿಗೆ 48,000 ಮಾದರಿಗಳಂತೆ ಮುದ್ರಿಸುವಾಗ 1,024 ಮಾದರಿಗಳ ಗಂಟು ತುಂಬಲು 21 ಮಿಲಿಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಎಂದರೆ 42 ಮಿಲಿಸೆಕೆಂಡ್ ದಾಟಿತು. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ 14 ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಬಫರನ್ನು 128ಕ್ಕೆ ಇಳಿಸಿದರೆ ಪ್ರತಿ ಗಂಟಿಗೆ ಸುಮಾರು 2.7 ಮಿಲಿಸೆಕೆಂಡ್ ಮಾತ್ರ. ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರೇ ಕೊಡುವ, ಈ ತಡವನ್ನು ತಗ್ಗಿಸುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ. ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿಯಿದ್ದರೆ ಅದನ್ನು ಒತ್ತಿ, ಸಾಫ್ಟ್‌ವೇರಿನೊಳಗಿನ ಮಾನಿಟರನ್ನು ಆಫ್ ಮಾಡಿಬಿಡಿ. ಆಗ ನಿಮ್ಮ ದನಿ ಕಂಪ್ಯೂಟರನ್ನು ಸುತ್ತಿ ಬರಬೇಕಾಗಿಯೇ ಇಲ್ಲ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗದು, ತಂತಿಯದ್ದೇ ಬೇಕು.

ಪ್ರಶ್ನೆ: ನಮ್ಮ ಅಜ್ಜಿಗೆ ಮದುವೆಯ ಹಾಡು, ನಾಟಿ ಹಾಡು, ಸುಗ್ಗಿಯ ಹಾಡು ಬಹಳ ಬರುತ್ತವೆ. ಮೊಬೈಲಿನಲ್ಲಿ ಮುದ್ರಿಸಿದ್ದರಲ್ಲಿ ಫ್ಯಾನು, ಮಳೆ, ಕೋಳಿ ಎಲ್ಲ ಸೇರಿವೆ. ಕಂಪ್ಯೂಟರಿನಲ್ಲಿ ಶುದ್ಧ ಮಾಡಬಹುದೇ? (ಅಂಕೋಲಾ ತಾಲ್ಲೂಕು)

ಉತ್ತರ: ಸ್ವಲ್ಪಮಟ್ಟಿಗೆ ಮಾಡಬಹುದು, ಆದರೆ ಅದಕ್ಕಿಂತ ಮೊದಲು, ಅಜ್ಜಿಗೆ ಹಾಡುವ ಮನಸ್ಸೂ ಶಕ್ತಿಯೂ ಇರುವಾಗಲೇ, ಮತ್ತೊಮ್ಮೆ ಚೆನ್ನಾಗಿ ಮುದ್ರಿಸಿಕೊಳ್ಳಿ. ನಿಮ್ಮದೇ ತಾಲ್ಲೂಕಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿಗಳ ಇಂಥ ಹಾಡುಗಳನ್ನು ನೆನಪಿನಲ್ಲಿ ಕಾಪಾಡಿಕೊಂಡು ಬಂದುದಕ್ಕೆ. 2025ರ ಫೆಬ್ರುವರಿಯಲ್ಲಿ ಅವರೂ ತೀರಿಕೊಂಡರು. ಬರಹವಿಲ್ಲದ ಹಾಡು ಹಾಡುವವರೊಂದಿಗೇ ಹೋಗುತ್ತದೆ, ಆದ್ದರಿಂದ ಈ ಕೆಲಸವನ್ನು ಮುಂದೂಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಫ್ಯಾನು, ಫ್ರಿಜ್ ಆರಿಸಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಿ. ಚಾರ್ಜರ್ ತೆಗೆದರೆ ಅದರ ಮೂಲಕ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆಯೂ ಹೆಚ್ಚಾಗಿ ನಿಲ್ಲುತ್ತದೆ. ಬರಿಯ ಗೋಡೆಯ ಕೋಣೆ ಬೇಡ. ಹಾಸಿಗೆ, ಅಕ್ಕಿ ಮೂಟೆ, ಕಂಬಳಿ ತುಂಬಿದ ಕೋಣೆ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಅಜ್ಜಿಯ ಬೆನ್ನ ಹಿಂದೆ ದಪ್ಪನೆಯ ಕೌದಿಯೊಂದನ್ನು ಇಳಿಬಿಡಿ. ಹೆಡ್‌ಫೋನ್ ಹಾಕಿಕೊಳ್ಳಿ ಎಂದು ಅವರನ್ನು ಒತ್ತಾಯಿಸಬೇಡಿ, ಜೊತೆಯಲ್ಲಿ ದನಿಗೂಡಿಸುವವರು ಯಾರಾದರೂ ಇದ್ದರೆ ಅವರನ್ನೂ ಕೂರಿಸಿ. ಎದುರಿಗೆ ಸೊಲ್ಲು ಎತ್ತಿಕೊಳ್ಳುವವರಿದ್ದಾಗ ಮರೆತ ಸಾಲುಗಳೂ ನೆನಪಿಗೆ ಬರುತ್ತವೆ. ಹಾಡು ಶುರುವಾಗುವ ಮುಂಚೆ ಹತ್ತು ಸೆಕೆಂಡ್ ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನು ಮುದ್ರಿಸಿ, ಬಳಿಕ ಹಾಡಿದವರ ಹೆಸರು, ಊರು, ದಿನಾಂಕ, ಯಾವ ಸಂದರ್ಭದ ಹಾಡು ಎಂಬುದನ್ನು ಬಾಯಲ್ಲೇ ಹೇಳಿ.

ಆ ಹತ್ತು ಸೆಕೆಂಡೇ ಮುಂದೆ ಶುದ್ಧೀಕರಣಕ್ಕೆ ಆಧಾರ. ಆಡಾಸಿಟಿಯ ಗದ್ದಲ ತಗ್ಗಿಸುವ ಸೌಲಭ್ಯಕ್ಕೆ ಆ ಭಾಗವನ್ನು ಮಾದರಿಯಾಗಿ ತೋರಿಸಿ, ಪೂರ್ತಿ ಹಾಡಿಗೆ 6ರಿಂದ 12 ಡೆಸಿಬಲ್‌ನಷ್ಟು ಮಾತ್ರ ಪ್ರಯೋಗಿಸಿ. ಫ್ಯಾನಿನಂತೆ ಒಂದೇ ಸಮನೆ ಇರುವ ಸದ್ದು ಇದರಿಂದ ತಗ್ಗುತ್ತದೆ. ಒಮ್ಮೆ ಬಿರುಸಾಗಿ, ಒಮ್ಮೆ ನಿಧಾನವಾಗಿ ಬದಲಾಗುತ್ತಿರುವ ಮಳೆಯಾಗಲಿ ಕೋಳಿಯ ಕೂಗಾಗಲಿ ಹೋಗುವುದಿಲ್ಲ. ಹೆಚ್ಚು ಎಳೆದರೆ ಅಜ್ಜಿಯ ದನಿ ನೀರೊಳಗಿಂದ ಬಂದಂತೆ ಕೇಳತೊಡಗುತ್ತದೆ, ಮುಪ್ಪಿನ ದನಿಯ ಒರಟುತನವೂ ಸದ್ದೆಂದೇ ಅಳಿಸಿಹೋಗುತ್ತದೆ. ಅಂಥ ಶುದ್ಧತೆಗಿಂತ ಕೋಳಿ ಕೂಗಿದ ಹಾಡೇ ನನಗೆ ಹೆಚ್ಚು ಬೆಲೆಯುಳ್ಳದ್ದು. ಮೂಲ ಮುದ್ರಿಕೆಯನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಮುಟ್ಟದೆ ಇಟ್ಟು, ಪ್ರತಿಯ ಮೇಲಷ್ಟೇ ಕೆಲಸ ಮಾಡಿ. 48,000 ಮಾದರಿ, 24 ಬಿಟ್‌ನ ಒಂದೇ ಚಾನೆಲಿನ ವೇವ್ ಕಡತ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಅಂದರೆ ಜಾಗದ ಚಿಂತೆಯಿಲ್ಲದೆ ಎರಡು ಬೇರೆ ಬೇರೆ ಮನೆಗಳಲ್ಲಿ ಪ್ರತಿ ಇಡಬಹುದು. ಅಂತರ್ಜಾಲಕ್ಕೆ ಏರಿಸುವ ಮುನ್ನ ಅಜ್ಜಿಯ ಒಪ್ಪಿಗೆ ಕೇಳಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ, ಮುದ್ರಿಸಿದವರು ಮನೆಯವರೇ ಆದರೂ ಆ ಹಕ್ಕು ಹಾಡಿದವರದ್ದೇ.

ಪ್ರಶ್ನೆ: ಮಳೆಗಾಲ ಬಂತೆಂದರೆ ನನ್ನ ಕಂಡೆನ್ಸರ್ ಮೈಕಿನಲ್ಲಿ ಚರಚರ ಸದ್ದು. ಕೆಟ್ಟಿದೆಯೇ? (ಗೋಕರ್ಣ)

ಉತ್ತರ: ಬಹುಶಃ ಕೆಟ್ಟಿಲ್ಲ, ತೇವ ಹಿಡಿದಿದೆ. ಕಂಡೆನ್ಸರ್ ಮೈಕಿನೊಳಗಿನ ತೆಳು ಪೊರೆ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಂಡು ಕೆಲಸ ಮಾಡುವುದರಿಂದ, ತೇವದ ಮೂಲಕ ಆವೇಶ ಸೋರಿದಾಗ ಇಂಥ ಸದ್ದು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಒಂದೆರಡು ದಿನ ಮೈಕನ್ನು ಅದರೊಳಗಿಟ್ಟು ನೋಡಿ. ಬಿಸಿಲಿಗೆ ಇಡಬೇಡಿ, ಒಲೆಯ ಬಳಿ ಒಣಗಿಸಬೇಡಿ. ಬಣ್ಣ ಬದಲಿಸುವ ನೀಲಿ ಸಿಲಿಕಾ ಜೆಲ್ ಗುಲಾಬಿಯಾದಾಗ, ಮೈಕನ್ನು ಹೊರಗೆ ತೆಗೆದು, ಜೆಲ್ಲನ್ನಷ್ಟೇ ಬಿಸಿಮಾಡಿ ನೀಲಿಗೆ ಮರಳಿಸಿ ಮತ್ತೆ ಬಳಸಬಹುದು. ಕಡಲ ಉಪ್ಪುಗಾಳಿ ಕೇಬಲ್ಲಿನ ಪಿನ್ನುಗಳಿಗೂ ತುಕ್ಕು ಹಿಡಿಸುವುದರಿಂದ ಅವನ್ನು ಆಗಾಗ ಒಣಬಟ್ಟೆಯಲ್ಲಿ ಒರೆಸಿ. ಕೆಲಸ ಮುಗಿದ ಮೇಲೆ ಮೈಕನ್ನು ಸ್ಟ್ಯಾಂಡಿನಲ್ಲೇ ಬಿಡದೆ ಡಬ್ಬಿಗೆ ಸೇರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಿತ್ಯದ ಅಭ್ಯಾಸಕ್ಕೆ ಡೈನಾಮಿಕ್ ಮೈಕ್ ಇದ್ದರೆ ಅದನ್ನೇ ಬಳಸುವುದು ಕ್ಷೇಮ.