ಅಪ್ಪು ನಿಜಕ್ಕೂ ಅಷ್ಟು ಒಳ್ಳೆಯವರಾ, ಇಲ್ಲ ಸತ್ತ ಮೇಲೆ ಕಟ್ಟಿದ ಕತೆನಾ?

ಪುನೀತ್ ರಾಜಕುಮಾರ್ ಹೋಗಿ ಇಷ್ಟು ವರ್ಷ ಆದರೂ ಆಟೋ ಹಿಂದೆ, ಹೋಟೆಲ್ ಗಲ್ಲಾ ಪಕ್ಕ, ಗಣಪತಿ ಪೆಂಡಾಲ್‌ನಲ್ಲಿ ಅವರ ಫೋಟೋ ಯಾಕೆ ಇಡುತ್ತಾರೆ, ಅವರು ನಿಜಕ್ಕೂ ಅಷ್ಟು ಒಳ್ಳೆಯ ಮನುಷ್ಯನಾ, ಇಲ್ಲ ಸತ್ತವರನ್ನೆಲ್ಲ ಹೊಗಳುವ ಹಾಗೆ ಇದೂ ಒಂದಾ ಅಂತ ಕೇಳಿದ್ದೀರಿ.

ಹೌದು, ಒಳ್ಳೆಯವರೇ. ಆದರೆ ನಾನು ಅದನ್ನು ವಾಟ್ಸ್ಆ್ಯಪ್ ಪಟ್ಟಿ ನೋಡಿ ಹೇಳುತ್ತಿಲ್ಲ. ಇಷ್ಟು ಶಾಲೆ, ಇಷ್ಟು ಅನಾಥಾಶ್ರಮ, ಇಷ್ಟು ಗೋಶಾಲೆ ಅಂತ ಒಂದು ಪಟ್ಟಿ ಅವರು ತೀರಿಕೊಂಡ ವಾರದಿಂದಲೇ ಓಡಾಡುತ್ತಿದೆ. ಅದನ್ನು ಪಕ್ಕಕ್ಕಿಡಿ. ಆ ಪಟ್ಟಿ ಇಲ್ಲದಿದ್ದರೂ ನನಗೆ ಅವರ ಮೇಲಿರುವ ಗೌರವ ಒಂದು ಚೂರೂ ಕಮ್ಮಿ ಆಗಲ್ಲ. ನಾನು ಹೇಳಬೇಕಾಗಿರುವುದು ಕಣ್ಣಿನ ವಿಷಯ. ಅದು ನಮ್ಮ ಮನೆಯೊಳಗೇ ನಡೆದದ್ದು. ಸ್ವಲ್ಪ ಉದ್ದ ಆಗುತ್ತೆ, ಓದಿ.

1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜಕುಮಾರ್ ಹೆಸರಿನ ಕಣ್ಣಿನ ಬ್ಯಾಂಕ್ ಶುರುವಾಯಿತು. ಆಗಲೇ ಅಣ್ಣಾವ್ರು ತಮ್ಮ ಇಡೀ ಮನೆಯವರ ಕಣ್ಣು ದಾನ ಮಾಡುತ್ತೇವೆ ಅಂತ ಮಾತು ಕೊಟ್ಟರು. ವೇದಿಕೆ ಮೇಲೆ ಮಾತು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಆ ಮಾತು ನಿಲ್ಲುತ್ತಾ ಇಲ್ವಾ ಅಂತ ಗೊತ್ತಾಗುವುದು ಮನೆಯಲ್ಲಿ ಸಾವಾದ ದಿನ. 2006ರ ಏಪ್ರಿಲ್ 12ಕ್ಕೆ ಅಣ್ಣಾವ್ರು ಹೋದರು, ಕಣ್ಣು ಕೊಟ್ಟರು. 2017ರ ಮೇ 31ಕ್ಕೆ ಪಾರ್ವತಮ್ಮ ಹೋದರು, ಅವರ ಕಣ್ಣೂ ಕೊಟ್ಟರು. ಅವರಿಬ್ಬರೂ ವಯಸ್ಸಾದವರು, ಮನೆಯವರು ಒಂದಿಷ್ಟು ಮನಸ್ಸು ಗಟ್ಟಿ ಮಾಡಿಕೊಂಡಿರುತ್ತಾರೆ ಅನ್ನೋಣ. ಆದರೆ ಅಪ್ಪು? 2021ರ ಅಕ್ಟೋಬರ್ 29ರ ಬೆಳಿಗ್ಗೆ ಅಣ್ಣ ಶಿವಣ್ಣನ ಹೊಸ ಸಿನಿಮಾಕ್ಕೆ ಶುಭ ಕೋರಿ ಟ್ವೀಟ್ ಹಾಕಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರೇ ಇಲ್ಲ. 46 ವರ್ಷ. ಹೃದಯಾಘಾತ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಅದರಲ್ಲಿ ದೊಡ್ಡವಳು ಆಗ ಅಮೆರಿಕದಲ್ಲಿ. ಅಂಥ ಹೊತ್ತಿನಲ್ಲಿ ಯಾರಿಗೆ ಏನು ನೆನಪಿರುತ್ತೆ ಹೇಳಿ. ಈ ಮನೆಗೆ ನೆನಪಿತ್ತು. ಅವತ್ತೇ ಕಣ್ಣು ಕೊಟ್ಟರು.

ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಸರಿಯಾಗಿ ಗೊತ್ತಿಲ್ಲ. ಎರಡು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂದಾಗ ಇದೂ ಅಭಿಮಾನಿಗಳು ಸೇರಿಸಿದ್ದು ಅಂದುಕೊಳ್ಳುತ್ತಾರೆ. ಅಲ್ಲ, ನಿಜ. ಇನ್ನೊಬ್ಬರಿಗೆ ಹಾಕುವುದು ಇಡೀ ಕಣ್ಣನ್ನಲ್ಲ, ಕಾರ್ನಿಯಾವನ್ನು. ಕಣ್ಣಿನ ಕರಿಗುಡ್ಡೆಯ ಮೇಲೆ ಕೈಗಡಿಯಾರದ ಗಾಜಿನ ಹಾಗೆ ಕೂತಿರುವ ತೆಳು ಪೊರೆ ಅದು. ಅದರಲ್ಲೇ ಪದರಗಳಿವೆ. ಕೆಲವರಿಗೆ ಮುಂದಿನ ಪದರ ಮಾತ್ರ ಹಾಳಾಗಿರುತ್ತೆ, ಕೆಲವರಿಗೆ ಹಿಂದಿನದು. ಅಪ್ಪು ಅವರ ಒಂದೊಂದು ಕಾರ್ನಿಯಾವನ್ನೂ ಎರಡಾಗಿ ಬಿಡಿಸಿ, ಮುಂದಿನ ಪದರ ಇಬ್ಬರಿಗೆ, ಹಿಂದಿನ ಪದರ ಇನ್ನಿಬ್ಬರಿಗೆ ಹಾಕಿದರು. ಮೂವರು ಗಂಡಸರು, ಒಬ್ಬ ಹೆಣ್ಣುಮಗಳು, ನಾಲ್ವರೂ ಕರ್ನಾಟಕದವರೇ. ಆಪರೇಷನ್ ಆಗಿದ್ದು ಮಾರನೇ ದಿನ ಶನಿವಾರ. ಆಗಿನ್ನೂ ಅವರ ದೇಹ ಕಂಠೀರವ ಕ್ರೀಡಾಂಗಣದಲ್ಲಿತ್ತು, ಹೊರಗೆ ಜನ ಸಾಲಲ್ಲಿ ನಿಂತಿದ್ದರು. ಆ ಎರಡನ್ನೂ ಒಟ್ಟಿಗೆ ನೆನೆಸಿಕೊಂಡರೆ ನನಗೆ ಈಗಲೂ ಗಂಟಲು ಕಟ್ಟುತ್ತೆ.

ಈಗ ನಮ್ಮ ಮನೆಗೆ ಬರುತ್ತೇನೆ. ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಅಪ್ಪ ಸೈಕಲ್ ಶಾಪ್ ಇಟ್ಟಿದ್ದರು, ಆಮೇಲೆ ಬೈಕ್ ಪಂಕ್ಚರ್ ಕೂಡ ಹಾಕುತ್ತಿದ್ದರು. ಅಣ್ಣಾವ್ರ ಕಾಲದ ಅಭಿಮಾನಿ. ಅಪ್ಪು ಹೋದಾಗ ಎರಡು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ, ಟಿವಿ ಮುಂದೆ ಸುಮ್ನೆ ಕೂತಿದ್ದರು. ಒಂದು ತಿಂಗಳ ಮೇಲೆ ಊರಲ್ಲಿ ಕಣ್ಣಿನ ಕ್ಯಾಂಪ್ ಆಯಿತು, ಅಲ್ಲಿ ಹೋಗಿ ನೇತ್ರದಾನದ ಫಾರ್ಮ್ ತುಂಬಿ ಬಂದರು. ಆ ದಿನಗಳಲ್ಲಿ ರಾಜ್ಯದಲ್ಲಿ ಸಾವಿರಾರು ಜನ ಹಾಗೆ ಬರೆದುಕೊಟ್ಟರು, ಪೇಪರ್‌ನಲ್ಲೂ ಬಂದಿತ್ತು. ಅಪ್ಪ ಆ ಚೀಟಿಯನ್ನು ರೇಷನ್ ಕಾರ್ಡ್ ಜೊತೆ ಅದೇ ಪ್ಲಾಸ್ಟಿಕ್ ಕವರಲ್ಲಿ ಇಟ್ಟರು. ನಾವ್ಯಾರೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ.

2023ರ ಶ್ರಾವಣದಲ್ಲಿ ಅಪ್ಪ ಹೋದರು, ರಾತ್ರಿ ಒಂದು ಗಂಟೆಗೆ, ಮನೆಯಲ್ಲೇ. ಚೀಟಿ ನೆನಪಾಗಿದ್ದು ಅಮ್ಮನಿಗೆ. ನಾನು ಕಣ್ಣಿನ ಬ್ಯಾಂಕ್‌ಗೆ ಫೋನ್ ಮಾಡಿದೆ. ಆ ಕಡೆಯವರು ಬಹಳ ಸಮಾಧಾನವಾಗಿ ಹೇಳಿದರು: ಆರು ಗಂಟೆಯೊಳಗೆ ತೆಗೆಯಬೇಕು, ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಿ, ಸಾವಾಗಿದೆ ಅಂತ ಡಾಕ್ಟರ್ ಹತ್ತಿರ ಬರೆಸಿಟ್ಟುಕೊಳ್ಳಿ, ನಾವು ಹೊರಟಿದ್ದೇವೆ. ಅಪ್ಪನಿಗೆ ಶುಗರ್ ಇತ್ತು, ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಅದೆಲ್ಲ ಪರವಾಗಿಲ್ಲಮ್ಮ ಅಂದರು.

ಆಮೇಲೆ ಜಗಳ ಶುರುವಾಯಿತು. ಸೋದರತ್ತೆ ಅಷ್ಟರಲ್ಲಿ ಬಂದಿದ್ದರು. ಕಣ್ಣು ಕಿತ್ತು ಕಳಿಸಿದರೆ ಮುಂದಿನ ಜನ್ಮದಲ್ಲಿ ನನ್ನ ಅಣ್ಣ ಕುರುಡನಾಗಿ ಹುಟ್ಟುತ್ತಾನೆ ಅಂತ ಅತ್ತೆ ಎದೆ ಬಡಿದುಕೊಂಡರು. ತಮ್ಮನೂ ಅವರ ಕಡೆಯೇ. ಅಪ್ಪನ ಮುಖ ಹಾಳು ಮಾಡುವುದು ಬೇಡ, ಬೆಳಿಗ್ಗೆ ಜನ ನೋಡಲು ಬರುತ್ತಾರೆ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರ್ ಹೇಳುವ ಮಾತೆಲ್ಲ ಹೇಳಿದೆ, ಯಾರ ಕಿವಿಗೂ ಬೀಳಲಿಲ್ಲ. ಆಗ ಅಮ್ಮ ಗೋಡೆಗೆ ಒರಗಿ ಕೂತಲ್ಲಿಂದಲೇ ಒಂದು ಮಾತು ಕೇಳಿದರು. "ಅಣ್ಣಾವ್ರು ಕೊಟ್ರು, ಪಾರ್ವತಮ್ಮ ಕೊಟ್ರು, ಆ ಮಗು ಅಪ್ಪು ಕೊಡ್ತು. ಅವರೆಲ್ಲ ಕುರುಡರಾಗಿ ಹುಟ್ತಾರಾ? ಹೇಳು ನೀನೇ."

ಅತ್ತೆ ಸುಮ್ಮನಾದರು. ಅವರು ಯಾಕೆ ಸುಮ್ಮನಾದರು ಅಂತ ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ. ಅತ್ತೆ ಸಿನಿಮಾ ನೋಡುವವರೇ ಅಲ್ಲ. ಎರಡು ಹಸು ಕಟ್ಟಿಕೊಂಡು ಮೂವತ್ತು ವರ್ಷದಿಂದ ಡೇರಿಗೆ ಹಾಲು ಹಾಕುತ್ತಾರೆ. ಅಪ್ಪು ನಂದಿನಿ ಹಾಲಿನ ರಾಯಭಾರಿ ಆಗಿದ್ದರು, ಅದಕ್ಕೆ ಸಂಭಾವನೆ ತೆಗೆದುಕೊಳ್ಳಲಿಲ್ಲ. ಅವರ ಅಪ್ಪನೂ ನಂದಿನಿಗೆ ಹಾಗೇ ಬಿಟ್ಟಿಯಾಗಿ ಮಾಡಿಕೊಟ್ಟಿದ್ದರು. ಇದನ್ನು ಯಾರೋ ಡೇರಿಯಲ್ಲಿ ಹೇಳಿದ್ದಾರೆ, ಅತ್ತೆ ಅದನ್ನು ಹಿಡಿದಿಟ್ಟುಕೊಂಡಿದ್ದಾರೆ. ನಮ್ಮ ಹಾಲಿಗೆ ದುಡ್ಡು ತಗೊಳ್ಳದೆ ನಿಂತವನು ಅಂತ ಒಂದು ವಿಶ್ವಾಸ. ಅವರ ಪಾಲಿಗೆ ಅಪ್ಪು ಹೀರೋ ಅಲ್ಲ, ಮಾತಿಗೆ ತಕ್ಕ ಹಾಗೆ ನಡೆದುಕೊಂಡ ಒಂದು ಮನೆಯ ಹುಡುಗ. ಆ ಮನೆಯಲ್ಲಿ ಮಾಡಿದ್ದಾರೆ ಅಂದಮೇಲೆ ಅದು ತಪ್ಪಿರಲಾರದು ಅನ್ನಿಸಿತು ಅವರಿಗೆ.

ನಾಲ್ಕೂವರೆ ಹೊತ್ತಿಗೆ ಇಬ್ಬರು ಬಂದರು. ಕೈಮುಗಿದು ಒಳಗೆ ಬಂದು, ಫಾರ್ಮ್‌ಗೆ ಅಮ್ಮನ ಸಹಿ, ಇನ್ನಿಬ್ಬರ ಸಾಕ್ಷಿ ಸಹಿ ತೆಗೆದುಕೊಂಡು, ಸ್ವಲ್ಪ ರಕ್ತ ತೆಗೆದು, ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯೂ ಆಗಲಿಲ್ಲ. ಬಾಗಿಲು ತೆಗೆದಾಗ ತಮ್ಮನೇ ಮೊದಲು ಒಳಗೆ ಹೋದದ್ದು. ಅಪ್ಪನ ಮುಖ ಹೇಗಿತ್ತೋ ಹಾಗೇ ಇತ್ತು, ಕಣ್ಣು ಮುಚ್ಚಿ ಮಲಗಿದ ಹಾಗೆ. ಯಾರಿಗೆ ಹಾಕಿದರು ಅಂತ ಹೆಸರು ಹೇಳುವ ಪದ್ಧತಿ ಇಲ್ಲ. ಆಮೇಲೆ ಒಂದು ಪ್ರಶಸ್ತಿಪತ್ರ ಅಂಚೆಯಲ್ಲಿ ಬಂತು.

ನೀವು ಕೇಳಬಹುದು, ದೊಡ್ಡ ನಟ, ದುಡ್ಡಿರುವ ಮನೆ, ಕೊಡುವುದರಲ್ಲಿ ಏನು ಕಷ್ಟ ಅಂತ. ದುಡ್ಡಿನ ಲೆಕ್ಕದಲ್ಲಿ ಅದು ಸರಿಯಾದ ಪ್ರಶ್ನೆಯೇ. 2020ರಲ್ಲಿ ಕೊರೊನಾ ಬಂದಾಗ ಅವರು ಮುಖ್ಯಮಂತ್ರಿ ಪರಿಹಾರ ನಿಧಿಗೆ 50 ಲಕ್ಷ ಕೊಟ್ಟರು. ನಾವು ನೀವು ಅಷ್ಟು ಕೊಡಲು ಆಗಲ್ಲ. ಆದರೆ ಕಣ್ಣು ಎಲ್ಲರಿಗೂ ಎರಡೇ. ಅಲ್ಲಿ ನಮ್ಮಪ್ಪನೂ ಅಪ್ಪುನೂ ಕೊಟ್ಟಿದ್ದು ಸಮ. ಹಾಗಾಗಿಯೇ ನನಗೆ ಅವರ ದಾನಗಳಲ್ಲೆಲ್ಲ ಇದು ಜಾಸ್ತಿ ದೊಡ್ಡದು ಅನ್ನಿಸುವುದು. ನೋಡಿ ಮೆಚ್ಚಿಕೊಂಡು ಬಿಡುವಂಥದ್ದಲ್ಲ, ನೋಡಿದವರೂ ಮಾಡಬಹುದಾದದ್ದು.

ಕುಟುಂಬದ ಮಾತಿಗೂ ಬರಲೇಬೇಕು. ಈ ಗುಣ ಅಪ್ಪು ಒಬ್ಬರದಲ್ಲ. ಪಾರ್ವತಮ್ಮ 90ರ ದಶಕದಲ್ಲೇ ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಅಂತ ಮೈಸೂರಿನಲ್ಲಿ ಶಕ್ತಿಧಾಮ ಕಟ್ಟಿದರು, ಈಗ ಸೊಸೆ ಗೀತಾ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಅತ್ತೆ ಶುರು ಮಾಡಿದ್ದನ್ನು ಸೊಸೆ ನಿಲ್ಲಿಸದೆ ನಡೆಸುವುದು, ಅಪ್ಪ ಕೊಟ್ಟ ಮಾತನ್ನು ಮಗ ಸತ್ತಾಗಲೂ ಉಳಿದವರು ನಡೆಸುವುದು, ನನ್ನ ಮಟ್ಟಿಗೆ ಒಳ್ಳೆಯ ಮನೆತನ ಅಂದರೆ ಅದೇ. ಹಬ್ಬದ ದಿನ ಎಲ್ಲರೂ ರೇಷ್ಮೆ ಉಟ್ಟು ನಿಂತ ಫೋಟೋ ಅಲ್ಲ.

ಇನ್ನೊಂದು. 2006ರಲ್ಲಿ ಅಣ್ಣಾವ್ರು ಹೋದಾಗ ಬೆಂಗಳೂರಲ್ಲಿ ಗಲಭೆ ಆಗಿ ಜನ ಸತ್ತಿದ್ದರು, ಒಬ್ಬ ಪೊಲೀಸ್ ಪೇದೆ ಕೂಡ. ಆ ನೋವು ಈ ಮನೆಯವರಿಗೆ ಯಾವತ್ತೂ ಇತ್ತು ಅಂತ ಕಾಣುತ್ತೆ. 2021ರಲ್ಲಿ ಶಾಂತವಾಗಿರಿ ಅಂತ ಅಳುತ್ತಲೇ ಜನರನ್ನು ಕೇಳಿಕೊಂಡರು. ಲಕ್ಷಾಂತರ ಜನ ಸಾಲಲ್ಲಿ ಬಂದು ನೋಡಿಕೊಂಡು ಹೋದರು. ಮೂರನೇ ದಿನ ಕಂಠೀರವ ಸ್ಟುಡಿಯೋದಲ್ಲಿ ಅಪ್ಪ ಅಮ್ಮನ ಹತ್ತಿರವೇ ಮಣ್ಣು ಮಾಡಿದರು. 2022ರ ನವೆಂಬರ್ 1ಕ್ಕೆ ವಿಧಾನಸೌಧದ ಮುಂದೆ ಕರ್ನಾಟಕ ರತ್ನ ಕೊಟ್ಟಾಗ ಮಳೆ ಸುರಿಯುತ್ತಿತ್ತು, ಅಪ್ಪು ಹೆಂಡತಿ ಅಶ್ವಿನಿ ಅವರು ಅದನ್ನು ತೆಗೆದುಕೊಂಡರು. ನಮ್ಮಪ್ಪ ಅವತ್ತು ಇದ್ದರು, ಟಿವಿಯಲ್ಲಿ ನೋಡಿದರು. ಅಪ್ಪನಿಗೂ ಕೊಟ್ಟಿದ್ದರು, ಈಗ ಮಗನಿಗೂ ಬಂತು ಅಂತ ಅಷ್ಟೇ ಅಂದರು.

ಈಗ ಅಂಗಡಿ ತಮ್ಮ ನೋಡಿಕೊಳ್ಳುತ್ತಾನೆ. ಏರ್ ಪಂಪ್ ಮೇಲಿನ ಗೋಡೆಯಲ್ಲಿ ಅಪ್ಪ ಹಾಕಿದ್ದ ಅಪ್ಪು ಫೋಟೋ ಹಾಗೇ ಇದೆ. ಅದರ ಕೆಳಗೆ ತಮ್ಮ ಬಿಳಿ ಪೇಂಟಲ್ಲಿ ಕಣ್ಣಿನ ಬ್ಯಾಂಕ್ ಫೋನ್ ನಂಬರ್ ಬರೆದಿದ್ದಾನೆ. ಪಂಕ್ಚರ್ ಹಾಕಿಸಲು ಬಂದವರು ಕಾಯುತ್ತಾ ನಿಂತು, ಇದು ಯಾವ ನಂಬರ್ ಅಂತ ಕೇಳುತ್ತಾರೆ. ಕೈಯಲ್ಲಿ ಟ್ಯೂಬ್ ಹಿಡಿದುಕೊಂಡೇ ಹೇಳುತ್ತಾನೆ, ಆರು ಗಂಟೆಯೊಳಗೆ ಫೋನ್ ಮಾಡಬೇಕಣ್ಣ, ಫ್ಯಾನ್ ಆಫ್ ಮಾಡಬೇಕು, ಮುಖಕ್ಕೆ ಏನೂ ಆಗಲ್ಲ, ನಾನೇ ನೋಡಿದ್ದೀನಿ ಅಂತ.